ಆಯಿಲ್ ಕೂಲರ್ ಆಮೇಲೆ
ಈ ವಾರ ಬೆಂಗಳೂರಿನ ಗ್ಯಾರೇಜೊಂದರಲ್ಲಿ ಹುಡುಗನೊಬ್ಬ ತನ್ನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ಗೆ ರೀಮ್ಯಾಪ್ ಮಾಡಿಸುತ್ತಿದ್ದ. ಲ್ಯಾಪ್‌ಟಾಪ್ ಸಿಕ್ಕಿಸಿ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ಹೊಸ ಫೈಲ್ ಏರಿಸಿದರು: ಟರ್ಬೊ ಒತ್ತಡ ಜಾಸ್ತಿ, ಇಗ್ನಿಷನ್ ತುಸು ಮುಂಚೆ, ಪೆಟ್ರೋಲ್ ಧಾರಾಳ. ಕಂಪನಿ ಕೊಟ್ಟ 230 ಕುದುರೆಗಳ ಜೊತೆಗೆ ಇನ್ನೊಂದಷ್ಟು ಬಂದು ಸೇರಿದವು. ಆಯಿಲ್ ಕೂಲರ್ ಮಾತೆತ್ತಿದ ಮೆಕ್ಯಾನಿಕ್‌ಗೆ ಸಿಕ್ಕ ಉತ್ತರ, ‘ಆಮೇಲೆ ನೋಡೋಣ ಅಣ್ಣಾ’. ಮದುವೆಗೆ ಇನ್ನೂರು ಜನರನ್ನು ಹೆಚ್ಚಿಗೆ ಕರೆದು ಅಡುಗೆಭಟ್ಟರಿಗೆ ಹೇಳದೇ ಇದ್ದ ಹಾಗೆ! ನನ್ನ ಸಿಟ್ಟು ಹುಡುಗನಿಗಿಂತ ಡ್ಯಾಶ್‌ಬೋರ್ಡಿನ ಮುಳ್ಳಿನ ಮೇಲೆ. ಕೂಲಂಟ್ ಮುಳ್ಳು 90ಕ್ಕೆ ಅಂಟಿ ಕೂತಿರುತ್ತದೆ. ನಿಜವಾದ ತಾಪ ಹತ್ತು ಡಿಗ್ರಿ ಆಚೀಚೆಯಾದರೂ ಅಲುಗದಂತೆ ಕಂಪನಿಯವರೇ ಅದನ್ನು ಪಳಗಿಸಿರುತ್ತಾರೆ. ನೋಡಿದವನಿಗೆ ಎಲ್ಲವೂ ಕ್ಷೇಮ. ಆಯಿಲ್ ಕಥೆಯೇ ಬೇರೆ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ ಬಿಸಿಲಿಗೆ ಒಂದೇ ಸಮ ಸುತ್ತು ಹೊಡೆದರೆ ಅದು 130 ಡಿಗ್ರಿ ದಾಟಬಲ್ಲದು. ಅಷ್ಟು ಕಾದು ನೀರಾದ ಆಯಿಲ್, ಬೇರಿಂಗಿಗೂ ಕ್ರ್ಯಾಂಕ್‌ಶಾಫ್ಟಿಗೂ ನಡುವಿನ ತೆಳು ಪದರವನ್ನು ಎಷ್ಟು ಹೊತ್ತು ಹಿಡಿದೀತು? ಹಾಗಂತ ಸಿಕ್ಕ ದೊಡ್ಡ ಕೂಲರನ್ನೇ ತಂದು ತಗುಲಿಸುವುದೂ ಜಾಣತನವಲ್ಲ. ಡಿಸೆಂಬರಿನ ಮುಂಜಾನೆ ಆಫೀಸಿಗೆ ಹೋಗುವಷ್ಟು ದೂರದಲ್ಲಿ ಆಯಿಲ್ ಸರಿಯಾಗಿ ಕಾಯುವುದೇ ಇಲ್ಲ, ಒಳಗೆ ಸೇರಿದ ನೀರಿನ ಪಸೆ, ಪೆಟ್ರೋಲು ಆವಿಯಾಗದೆ ಉಳಿಯುತ್ತವೆ. ಅದಕ್ಕೇ ಸುಮಾರು 80 ಡಿಗ್ರಿ ದಾಟಿದ ಮೇಲಷ್ಟೇ ಕೂಲರಿನ ದಾರಿ ಬಿಡುವ ಥರ್ಮೋಸ್ಟಾಟ್ ಜೊತೆಗಿರಬೇಕು. ಇದ್ದ ದುಡ್ಡು ಒಂದಕ್ಕೇ ಸಾಲುವುದಾದರೆ ಮೊದಲು ಥರ್ಮೋಸ್ಟಾಟ್ ಇರುವ ಕೂಲರ್ ಹಾಕಿಸಿ, ಫೈಲ್ ಮುಂದಿನ ತಿಂಗಳೂ ಸಿಗುತ್ತದೆ.