ಗುಜರಿಗೆ ಹಾಕೋ ಮೊದಲು ಒಂದ್ಸಲ ಮೌಂಟ್ ಮಾಡಿ

ಹೋದ ತಿಂಗಳು ಸಂಘದ ಬೀರು ಕ್ಲೀನ್ ಮಾಡುವಾಗ ಒಂದು ಡಬ್ಬಿ ತುಂಬ ಸಿಡಿ ಸಿಕ್ಕವು. ಮೇಲೆ ಮಾರ್ಕರ್‌ನಲ್ಲಿ ಬರೆದಿತ್ತು: "ರಾಜ್ಯೋತ್ಸವ 2006", "ಸ್ಮರಣ ಸಂಚಿಕೆ ಫೈನಲ್", "ಫೈನಲ್ 2". "ಗುಜರಿಗೆ ಹಾಕ್ರೋ, ಈಗ ಯಾರ ಲ್ಯಾಪ್‌ಟಾಪಲ್ಲಿ ಸಿಡಿ ಡ್ರೈವ್ ಇದೆ?" ಅಂದ ಒಬ್ಬ. ಮಾತು ನಿಜವೇ. ಕೊನೆಗೆ ಲ್ಯಾಬಿನವರ ಹತ್ತಿರ ಒಂದು ಯುಎಸ್‌ಬಿ ಡಿವಿಡಿ ಡ್ರೈವ್ ಕೇಳಿ ತಂದು ಲಿನಕ್ಸ್ ಸಿಸ್ಟಮ್‌ಗೆ ಸಿಕ್ಕಿಸಿದೆವು.

ಸಿಡಿ ಗುರ್ರ್ ಅಂತ ತಿರುಗಿತು. ಸ್ಕ್ರೀನ್ ಮೇಲೆ ಏನೂ ಬರಲಿಲ್ಲ. ಅದು ಡೆಸ್ಕ್‌ಟಾಪ್ ಇಲ್ಲದ, ಬರೀ ಟರ್ಮಿನಲ್ ಇರೋ ಮಷೀನು. ಆಪರೇಟಿಂಗ್ ಸಿಸ್ಟಮ್ಸ್ ಪೇಪರ್ ಪಾಸ್ ಮಾಡಿದ ಆರು ಜನ ಮುಖ ಮುಖ ನೋಡ್ಕೊಂಡ್ವಿ.

ನನ್ನ ತಕರಾರು ಇರೋದು ಇಲ್ಲೇ. ಮೌಂಟ್ ಅಂದ್ರೇನು ಅಂತ ಪರೀಕ್ಷೆಯಲ್ಲಿ ಎಲ್ಲರೂ ಬರೆದಿದ್ದೀವಿ, ಕೈಯಾರೆ ಒಮ್ಮೆಯೂ ಮಾಡಿಲ್ಲ. ಪೆನ್‌ಡ್ರೈವ್ ಹಾಕಿದ ಕೂಡಲೇ ಡೆಸ್ಕ್‌ಟಾಪ್ ತಾನೇ ಆ ಕೆಲಸ ಮುಗಿಸಿಬಿಡುತ್ತೆ. ವಿಂಡೋಸಲ್ಲಿ ಡ್ರೈವಿಗೊಂದು ಅಕ್ಷರ; ಯುನಿಕ್ಸ್ ಮನೆತನದಲ್ಲಿ ಇರೋದು ರೂಟ್‌ನಿಂದ ಬೆಳೆದ ಒಂದೇ ಮರ. ಹೊಸ ಡಿಸ್ಕನ್ನು ಆ ಮರದ ಒಂದು ಡೈರೆಕ್ಟರಿಗೆ ಕಸಿ ಮಾಡಬೇಕು, ಅಷ್ಟೇ. ಲಿನಕ್ಸಲ್ಲಿ ಸಿಡಿ ಡ್ರೈವ್ ಸಾಮಾನ್ಯವಾಗಿ 'ಡೆವ್' ಡೈರೆಕ್ಟರಿಯೊಳಗೆ 'ಎಸ್‌ಆರ್0' ಅಂತ ಇರುತ್ತೆ. ಆ ಹೆಸರು, ಒಂದು ಖಾಲಿ ಡೈರೆಕ್ಟರಿ, ಮುಂದೆ ಸೂಡೊ: ಮೌಂಟ್ ಕಮಾಂಡ್ ಕೇಳೋದು ಇಷ್ಟೇ.

ಕೊಟ್ಟೆವು. 'ರೀಡ್-ಓನ್ಲಿ' ಅಂತ ಎಚ್ಚರಿಕೆ ಬಂತು. ಒಬ್ಬಳು ಎರರ್ ಅಂದ್ಕೊಂಡು ಕೇಬಲ್ ಕೀಳೋಕೇ ಹೋದಳು! ಅದು ಎರರ್ ಅಲ್ಲ, ಸಿಡಿಯ ಐಎಸ್‌ಒ 9660 ಫೈಲ್ ಸಿಸ್ಟಮ್ ಇರೋದೇ ಓದೋದಕ್ಕೆ. ಭಾವಗೀತೆಯ ಸಿಡಿ ಮಾತ್ರ ಮೌಂಟೇ ಆಗಲಿಲ್ಲ. ಆಡಿಯೋ ಸಿಡಿಯಲ್ಲಿ ಫೈಲ್ ಸಿಸ್ಟಮ್ಮೇ ಇರಲ್ಲ. ಇನ್ನು ತೆಗೆಯೋಕೆ ಹೋದ್ರೆ 'ಟಾರ್ಗೆಟ್ ಈಸ್ ಬ್ಯುಸಿ'. ಯಾರಪ್ಪಾ ಬ್ಯುಸಿ ಅಂತ ನೋಡಿದ್ರೆ ನಾನೇ, ನನ್ನ ಶೆಲ್ ಅದೇ ಡೈರೆಕ್ಟರಿಯೊಳಗೆ ಕೂತಿತ್ತು.

ಸಂಚಿಕೆಯ ಫೈಲು ತೆರೆದಾಗ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೆಯ ನುಡಿ ಫಾಂಟ್ ಹಾಕಿದ ಮೇಲೆ ಕನ್ನಡ ಕಾಣಿಸ್ತು: ನಮ್ಮ ಸೀನಿಯರ್‌ಗಳ ಕವನ, ಹಾಸ್ಟೆಲ್ ಊಟದ ಮೇಲೊಂದು ಹರಟೆ. ಊಟ ಆಗಲೂ ಹಾಗೇ ಇತ್ತಂತೆ. ಇದರ ಅಚ್ಚಾದ ಪ್ರತಿ ನಮ್ಮ ಹತ್ತಿರ ಒಂದೂ ಇಲ್ಲ.

"ಫೈನಲ್ 2" ಮಾತ್ರ ಅರ್ಧಕ್ಕೇ ನಿಂತಿತು. ಬರೆಯಬಲ್ಲ ಸಿಡಿಯ ಬಣ್ಣದ ಪದರ ಬಿಸಿಲು, ಶಾಖಕ್ಕೆ ಕೆಡುತ್ತೆ. ಅದಕ್ಕೇ ಹೇಳೋದು, ಒಂದೊಂದೇ ಫೈಲ್ ಕಾಪಿ ಮಾಡ್ತಾ ಕೂರಬೇಡಿ. ಡಿಡಿ-ರೆಸ್ಕ್ಯೂನಲ್ಲಿ ಇಡೀ ಡಿಸ್ಕಿನ ಇಮೇಜ್ ತೆಗೀರಿ. ಅದು ಕೆಟ್ಟ ಜಾಗ ಬಿಟ್ಟು ಮುಂದೆ ಹೋಗಿ, ಆಮೇಲೆ ಮತ್ತೆ ಪ್ರಯತ್ನಿಸುತ್ತೆ. ಆ ಇಮೇಜನ್ನು ಡ್ರೈವ್ ಇಲ್ಲದೇನೇ ಲೂಪ್ ಮೌಂಟ್ ಮಾಡಿ ಓದಬಹುದು.

ಇನ್ನೂ 31 ಸಿಡಿ ಬಾಕಿ ಇವೆ. ಡ್ರೈವ್ ಶುಕ್ರವಾರ ವಾಪಸ್ ಕೊಡಬೇಕು. ಸಂಜೆ ಐದಕ್ಕೆ ಸಂಘದ ರೂಮಿಗೆ ಬನ್ನಿ, ಡೆಸ್ಕ್‌ಟಾಪ್ ಇಲ್ಲದ ಮಷೀನನ್ನೇ ಇಟ್ಟಿರ್ತೀವಿ.