ಕುತ್ಲೂರಿಗೆ ಸಲ್ಲಬೇಕಾದ ಬಾಕಿ

ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನ ಹೆಸರು ನಾಲ್ಕು ತಿಂಗಳೊಳಗೆ ಎರಡು ಬಾರಿ ರಾಜಧಾನಿಗಳಲ್ಲಿ ಕೇಳಿಬಂತು. 2024ರ ಸೆಪ್ಟೆಂಬರ್ 27ರಂದು, ವಿಶ್ವ ಪ್ರವಾಸೋದ್ಯಮ ದಿನದ ಸಂದರ್ಭದಲ್ಲಿ, ಕೇಂದ್ರ ಪ್ರವಾಸೋದ್ಯಮ ಸಚಿವಾಲಯವು ಸಾಹಸ ಪ್ರವಾಸದ ವಿಭಾಗದಲ್ಲಿ ದೇಶದ ಅತ್ಯುತ್ತಮ ಗ್ರಾಮಗಳ ಸಾಲಿಗೆ ಅದನ್ನು ಸೇರಿಸಿ ಗೌರವಿಸಿತು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಸಮ್ಮುಖದಲ್ಲಿ ಶರಣಾದ ಆರು ಮಂದಿ ನಕ್ಸಲರಲ್ಲಿ ಒಬ್ಬ ಮಹಿಳೆ ಅದೇ ಗ್ರಾಮದವರು. ಒಂದೇ ಊರು ಪ್ರವಾಸಿಗೆ ರಮ್ಯ ತಾಣವಾಗಿಯೂ ಪೊಲೀಸರಿಗೆ ಸಂಶಯದ ನೆಲೆಯಾಗಿಯೂ ಕಂಡಿತು. ಅಲ್ಲಿ ತಲೆಮಾರುಗಳಿಂದ ಬಾಳಿದ ಮಲೆಕುಡಿಯರಿಗೆ ಅದು ಮನೆ ಎಂಬ ಮೂರನೆಯ ಸತ್ಯವನ್ನು ಆಡಳಿತ ಎಂದೂ ಮನಃಪೂರ್ವಕವಾಗಿ ಒಪ್ಪಿಕೊಳ್ಳಲಿಲ್ಲ. ಈ ಅಗ್ರಲೇಖನದ ಆಕ್ಷೇಪ ಇರುವುದು ಅಲ್ಲಿಯೇ.

ಕುತ್ಲೂರು ಇರುವ ಕುದುರೆಮುಖದ ತಪ್ಪಲು ಸಾಮಾನ್ಯ ಕಾಡಲ್ಲ. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ, ಸಿಂಗಳೀಕಗಳಿಗೆ ಆಶ್ರಯವಾಗಿರುವ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಮಳೆ ಹೊಯ್ಯುವ ನಿತ್ಯಹರಿದ್ವರ್ಣದ ನೆಲ ಅದು. ಈ ಮಳೆಕಾಡಿನ ಒಳಗೂ ಅಂಚಿನಲ್ಲೂ ಹರಡಿಕೊಂಡ ಮನೆಗಳಲ್ಲಿ ಮಲೆಕುಡಿಯರಿದ್ದಾರೆ. ಸರ್ಕಾರದ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಅವರ ಹೆಸರು ‘ಮಲೈಕುಡಿ’. ಒಂದು ಕಾಲಕ್ಕೆ ಭೂಮಾಲೀಕರ ಏಲಕ್ಕಿ ಮಲೆಗಳಲ್ಲಿ ದುಡಿದವರು; ಜೇನು, ರಾಮಪತ್ರೆ, ಸೀಗೆಕಾಯಿ ಸಂಗ್ರಹಿಸಿ, ಬೆತ್ತದ ಬುಟ್ಟಿ ಹೆಣೆದು, ಹಳ್ಳದ ದಂಡೆಯ ತುಂಡು ನೆಲದಲ್ಲಿ ಬೆಳೆ ತೆಗೆದು ಬದುಕಿದವರು. ತಮ್ಮ ವ್ಯಾಜ್ಯಗಳನ್ನು ಗುರಿಕಾರನ ಎದುರು ತೀರ್ಮಾನಿಸಿಕೊಳ್ಳುತ್ತಿದ್ದ ಈ ಸಮುದಾಯ ಸರ್ಕಾರದ ಬಾಗಿಲಿಗೆ ಬಂದದ್ದೇ ತಡವಾಗಿ. ಬಂದಾಗ ಕೇಳಿದ್ದೂ ಅಲ್ಪವೇ: ಹಳ್ಳ ದಾಟಲು ಕಾಲುಸಂಕ, ಮಕ್ಕಳಿಗೆ ಶಾಲೆ, ರಾತ್ರಿಗೆ ದೀಪ, ಉಳುವ ನೆಲಕ್ಕೆ ಒಂದು ಕಾಗದ. ಮಳೆಗಾಲದಲ್ಲಿ ಹಳ್ಳ ಉಕ್ಕಿದ ದಿನ ಬಸುರಿಯನ್ನೋ ಮುದುಕರನ್ನೋ ಜೋಲಿಯಲ್ಲಿ ಹೊತ್ತು ಇಳಿಸಬೇಕಾದ ಮನೆಗೆ ಇವುಗಳಲ್ಲಿ ಯಾವುದು ಐಷಾರಾಮವೆಂದು ಯಾರು ಹೇಳಬಲ್ಲರು?

ಅವರಿಗೆ ಬಂದ ಉತ್ತರ ಕಾನೂನಿನದು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಉದ್ದೇಶ ಪ್ರಕಟವಾಯಿತು. 2001ರಲ್ಲಿ ಅಂತಿಮ ಅಧಿಸೂಚನೆ ಹೊರಬಿತ್ತು. ಅರಣ್ಯವನ್ನು ರಕ್ಷಿಸಬೇಕೆಂಬುದರಲ್ಲಿ ಈ ಪತ್ರಿಕೆಗೆ ಎಂದೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೆ ಅದೇ ಅವಧಿಯಲ್ಲಿ ಅದೇ ಗುಡ್ಡಗಳ ನೆತ್ತಿಯಲ್ಲಿ ಸಾರ್ವಜನಿಕ ವಲಯದ ಉದ್ದಿಮೆಯೊಂದು ಕಬ್ಬಿಣದ ಅದಿರು ಅಗೆಯುತ್ತಿತ್ತು. ಅದನ್ನು ನಿಲ್ಲಿಸಲು 2002ರ ಸುಪ್ರೀಂ ಕೋರ್ಟ್ ಆದೇಶವೇ ಬೇಕಾಯಿತು, ಗಣಿ ನಿಂತದ್ದು 2005ರ ಕೊನೆಗೆ. ಅದಿರಿನ ಕೆಸರನ್ನು ಮಂಗಳೂರಿನ ಕಡಲತೀರಕ್ಕೆ ಒಯ್ಯಲು 67 ಕಿಲೋಮೀಟರ್ ಉದ್ದದ ಕೊಳವೆಯನ್ನು ಈ ಘಟ್ಟದಿಂದಲೇ ಇಳಿಸಲಾಯಿತು. ಕೆಸರಿಗೆ ದಾರಿ ಬಿಟ್ಟ ಕಾಡಿನಲ್ಲಿ ಮಲೆಕುಡಿಯರ ಮನೆಗೆ ವಿದ್ಯುತ್ ತಂತಿ ಎಳೆಯುವಾಗ ಮಾತ್ರ ನಿಯಮ ಅಡ್ಡಬಂತು. ಕಾಡನ್ನು ಗಾಯಗೊಳಿಸಿದವರು ಯಾರು, ಅದರ ಬೆಲೆ ತೆತ್ತವರು ಯಾರು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕಾಗದು.

ಆಮೇಲೆ ಬಂದದ್ದು ‘ಸ್ವಯಂಪ್ರೇರಿತ ಪುನರ್ವಸತಿ’. ಈ ಮಾತನ್ನು ನಾವು ನಿಧಾನವಾಗಿ ಪರಿಶೀಲಿಸಬೇಕು. ರಸ್ತೆಯಿಲ್ಲ, ಬರುವುದೂ ಇಲ್ಲ; ಮಗು ಓದಬೇಕಾದರೆ ಮನೆ ಬಿಟ್ಟು ಆಶ್ರಮಶಾಲೆ ಸೇರಬೇಕು; ಗದ್ದೆಯ ಬೆಳೆ ಕಾಡುಪ್ರಾಣಿಗಳ ಪಾಲಾದರೂ ಕೈಯಲ್ಲಿ ಹಕ್ಕುಪತ್ರವಿಲ್ಲದವನ ದೂರಿಗೆ ಬೆಲೆಯಿಲ್ಲ. ಹೀಗೆ ಒಂದೊಂದೇ ಬಾಗಿಲು ಮುಚ್ಚಿದ ಮೇಲೆ ಒಬ್ಬ ಮನುಷ್ಯ ಹೊರಟು ನಿಂತರೆ ಆ ಹೊರಡುವಿಕೆಯನ್ನು ಅವನ ಇಚ್ಛೆಯೆಂದು ಕರೆಯುವುದು ಭಾಷೆಗೆ ಬಗೆಯುವ ಅಪಚಾರ. ನಿಜಕ್ಕೂ ಹೊರಬರಲು ಬಯಸುವ ಕುಟುಂಬಗಳಿವೆ, ಅವರ ಬಯಕೆಯನ್ನು ಯಾರೂ ಅವಮಾನಿಸಬಾರದು. ಆದರೆ ಒಪ್ಪಿಗೆ ಕೊಟ್ಟ ಮೇಲೂ ಪರಿಹಾರಕ್ಕಾಗಿ ವರ್ಷಗಟ್ಟಲೆ ಕಾದವರು ಅವರಲ್ಲಿದ್ದಾರೆ. ಇರುವವರನ್ನು ನೆಮ್ಮದಿಯಿಂದ ಇರಗೊಡದ, ಹೋಗುವವರನ್ನು ಮರ್ಯಾದೆಯಿಂದ ಕಳುಹಿಸಿಕೊಡದ ವ್ಯವಸ್ಥೆಯನ್ನು ಸಂರಕ್ಷಣೆಯ ಹೆಸರಿನಲ್ಲಿ ಸಮರ್ಥಿಸಲಾಗದು.

ಕಾನೂನಿನ ಕೊರತೆಯೆಂಬ ನೆಪವೂ ಉಳಿದಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳಿಗೆ ಆದದ್ದು ಐತಿಹಾಸಿಕ ಅನ್ಯಾಯವೆಂದು ತನ್ನ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದೆ. ಹಕ್ಕುಗಳ ಪರಿಶೀಲನೆ ಮುಗಿಯುವವರೆಗೆ ಯಾರನ್ನೂ ಒಕ್ಕಲೆಬ್ಬಿಸಬಾರದೆಂದು ಅದು ವಿಧಿಸಿದೆ. ಶಾಲೆ, ಅಂಗನವಾಡಿ, ಕುಡಿಯುವ ನೀರು, ವಿದ್ಯುತ್ ಮಾರ್ಗ, ರಸ್ತೆ ಮೊದಲಾದ 13 ಬಗೆಯ ಸೌಕರ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿಯನ್ನು, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದೆಂದು ಅದರ ಮೂರನೆಯ ಪ್ರಕರಣ ಹೇಳುತ್ತದೆ. ಇದೇ ಕರ್ನಾಟಕದಲ್ಲಿ, 2011ರಲ್ಲಿ, ಬಿಳಿಗಿರಿರಂಗನ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದೊಳಗೆ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು; ಹುಲಿಯ ಕಾಡಿನಲ್ಲಿ ಅಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಅದು ಮೊದಲು. ಸೋಲಿಗರು ಅಲ್ಲಿಯೇ ಇದ್ದಾರೆ, ಹುಲಿಗಳೂ ಇವೆ. ಆದ್ದರಿಂದ ಕುದುರೆಮುಖದ ಮಡಿಲಲ್ಲಿ ಕಂಡ ವಿಳಂಬವನ್ನು ಆಡಳಿತದ ಅನಾಸ್ಥೆಯೆಂದೇ ಕರೆಯಬೇಕಾಗುತ್ತದೆ.

ಆ ಅನಾಸ್ಥೆಯ ಅಂತರದಲ್ಲಿಯೇ ಬಂದೂಕು ಕಾಡಿಗೆ ಬಂತು. 2003ರ ನವೆಂಬರಿನಲ್ಲಿ ಕಾರ್ಕಳದ ಈದುವಿನಲ್ಲಿ ನಕ್ಸಲರೆನ್ನಲಾದ ಇಬ್ಬರು ಯುವತಿಯರು ಪೊಲೀಸರ ಗುಂಡಿಗೆ ಬಲಿಯಾದರು. 21 ವರ್ಷಗಳ ನಂತರ, 2024ರ ನವೆಂಬರಿನಲ್ಲಿ, ಹೆಬ್ರಿಯ ಕಬ್ಬಿನಾಲೆಯ ಪೀತಬೈಲಿನಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತರಾದರು. ಅವರು ಮಲೆಕುಡಿಯರು. ಹಿಂಸೆಯ ಮಾರ್ಗವನ್ನು ನಾವು ಯಾವ ಕಾರಣಕ್ಕೂ ಮನ್ನಿಸುವುದಿಲ್ಲ. ಆ ಮಾರ್ಗದಲ್ಲಿ ಸತ್ತವರಲ್ಲಿ ಪೊಲೀಸರೂ ಬಡ ಗ್ರಾಮಸ್ಥರೂ ಇದ್ದಾರೆ. ಆದರೆ ಶಾಂತಿಯುತವಾಗಿ ಕೇಳಿದವರಿಗೆ ಏನಾಯಿತೆಂಬುದನ್ನೂ ದಾಖಲಿಸಬೇಕು. 2012ರ ಮಾರ್ಚಿನಲ್ಲಿ ಕುತ್ಲೂರಿನ ಪತ್ರಿಕೋದ್ಯಮ ವಿದ್ಯಾರ್ಥಿಯೊಬ್ಬರನ್ನೂ ಅವರ ತಂದೆಯನ್ನೂ ನಕ್ಸಲ್ ನಂಟಿನ ಆರೋಪದ ಮೇಲೆ ಬಂಧಿಸಲಾಯಿತು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗರ ಕುರಿತ ಪುಸ್ತಕವಿತ್ತು, ಪತ್ರಿಕೆಯ ತುಣುಕುಗಳಿದ್ದವು, ಊರಿಗೆ ಮೂಲಸೌಕರ್ಯ ಬರುವವರೆಗೆ ಚುನಾವಣೆ ಬಹಿಷ್ಕರಿಸುವುದಾಗಿ ಹೇಳುವ ಪತ್ರವಿತ್ತು. 2021ರ ಅಕ್ಟೋಬರಿನಲ್ಲಿ ಇಬ್ಬರನ್ನೂ ಖುಲಾಸೆಗೊಳಿಸಿದ ನ್ಯಾಯಾಲಯ ಆ ಪತ್ರದಲ್ಲಿ ಸ್ಥಳೀಯರ ಬೇಡಿಕೆಗಳನ್ನಷ್ಟೇ ಕಂಡಿತು. ಸೇತುವೆ ಕೇಳುವ ಕಾಗದ ಅಪರಾಧದ ಸಾಕ್ಷ್ಯವಲ್ಲವೆಂದು ತೀರ್ಮಾನವಾಗಲು ಒಂಬತ್ತೂವರೆ ವರ್ಷ ಹಿಡಿಯಿತು. ಒಬ್ಬ ಯುವಕನ, ಒಬ್ಬ ವೃದ್ಧನ ಬದುಕಿನ ಆ ವರ್ಷಗಳಿಗೆ ಯಾರೂ ಹೊಣೆ ಹೊತ್ತಿಲ್ಲ.

ಹೊಣೆಯ ಮಾತು ಬಂದಾಗ ನಮ್ಮ ಬೆಂಗಳೂರು ನಗರವೂ ಹೊರಗುಳಿಯುವಂತಿಲ್ಲ. ಶುಕ್ರವಾರ ರಾತ್ರಿ ವಿಜಯನಗರದಿಂದ, ರಾಜಾಜಿನಗರದಿಂದ, ಕೆಂಗೇರಿಯಿಂದ ಕುದುರೆಮುಖದ ಚಾರಣಕ್ಕೆ ಹೊರಡುವ ವಾಹನಗಳಲ್ಲಿ ನಮ್ಮ ಓದುಗರ ಮಕ್ಕಳಿದ್ದಾರೆ. ಅವರು ಕಾಡನ್ನು ಪ್ರೀತಿಸಲಿ. ಆ ಪ್ರೀತಿ ಬೇಕು. ಬೆಟ್ಟ ಹತ್ತುವ ಮುನ್ನ ಚಹಾ ಕೊಟ್ಟ ಮನೆಯವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆಂದು ಒಮ್ಮೆ ಕೇಳುವಷ್ಟು ಅದು ವಿಸ್ತಾರವಾಗಲಿ.

ಇತ್ತೀಚಿನ ವರ್ಷಗಳಲ್ಲಿ ಅಲ್ಲಲ್ಲಿ ರಸ್ತೆ, ಕಾಲುಸಂಕಗಳು ಬಂದಿರುವುದನ್ನು ನಾವು ಅಲ್ಲಗಳೆಯುವುದಿಲ್ಲ. ಶರಣಾಗತಿಯನ್ನು ಸಂಘರ್ಷವಿಲ್ಲದೆ ನೆರವೇರಿಸಿದ ಸರ್ಕಾರಕ್ಕೂ ಸಂಧಾನಕ್ಕೆ ಮುಂದಾದ ನಾಗರಿಕರಿಗೂ ಮೆಚ್ಚುಗೆ ಸಲ್ಲುತ್ತದೆ. ಆದರೆ ಶರಣಾದವರಿಗೆ ಹಣ, ಮೊಕದ್ದಮೆಗಳ ವಿಲೇವಾರಿ, ಪುನರ್ವಸತಿ ಎಂಬುದು ಸರ್ಕಾರದ ಕರ್ತವ್ಯದ ಒಂದು ಭಾಗ ಮಾತ್ರ. ಎಂದೂ ಆಯುಧ ಹಿಡಿಯದೆ, ಅರ್ಜಿಯನ್ನೇ ಹಿಡಿದು ಕಾದ ಸಾವಿರಾರು ಮಂದಿಯನ್ನು ಈಗಲೂ ಕಾಯಿಸಿದರೆ ಆಡಳಿತ ಅವರಿಗೆ ಕಲಿಸುವ ಪಾಠ ಅತ್ಯಂತ ಅಪಾಯಕಾರಿಯಾದದ್ದು.

ಅರಣ್ಯ ಹಕ್ಕುಗಳ ಜಿಲ್ಲಾ ಸಮಿತಿಯ ಅಧ್ಯಕ್ಷರು ಜಿಲ್ಲಾಧಿಕಾರಿಗಳು. ದಕ್ಷಿಣ ಕನ್ನಡ, ಉಡುಪಿ, ಚಿಕ್ಕಮಗಳೂರಿನ ಜಿಲ್ಲಾಧಿಕಾರಿಗಳು ಮುಂದಿನ ಮಳೆಗಾಲಕ್ಕೆ ಮುನ್ನ, ಅರಣ್ಯ ಮತ್ತು ಕಂದಾಯ ಅಧಿಕಾರಿಗಳೊಡನೆ, ಮಲೆಕುಡಿಯರ ಹಾಡಿಗಳಿಗೆ ಕಾಲ್ನಡಿಗೆಯಲ್ಲಿ ಹೋಗಲಿ. ತಿರಸ್ಕೃತವಾದ ಪ್ರತಿಯೊಂದು ಅರ್ಜಿಯ ಕಾರಣವನ್ನು ಗ್ರಾಮಸಭೆಯ ಎದುರು ಓದಿ ಹೇಳಲಿ. ಕಾರಣ ನಿಲ್ಲದ ಕಡೆ ಹಕ್ಕುಪತ್ರವನ್ನು ಅಲ್ಲಿಯೇ, ಆ ಅಂಗಳದಲ್ಲಿಯೇ ಕೊಟ್ಟು ಬರಲಿ.