ಕಸೂತಿ ಕದ್ದರೆ ಸಾಕ್ಷಿ ಹೇಳೋರು ಯಾರು?

ಲಾವೋಸ್ ಎಲ್ಲಿದೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಥಾಯ್ಲೆಂಡಿಗೂ ವಿಯೆಟ್ನಾಮಿಗೂ ನಡುವೆ, ಸಮುದ್ರದ ದಂಡೆಯೇ ಇಲ್ಲದ ಗುಡ್ಡಗಾಡು ದೇಶ ಅದು. ಇಡೀ ದೇಶದ ಜನ ಸೇರಿದರೂ ನಮ್ಮ ಬೆಂಗಳೂರಿನಷ್ಟು ಆಗುವುದಿಲ್ಲ. ಅಷ್ಟರಲ್ಲೇ ಅಲ್ಲಿನ ಸರ್ಕಾರ ಗುರುತಿಸಿರುವ ಜನಾಂಗಗಳು 50.

ಅದರ ಉತ್ತರ ತುದಿಯ ಫೊಂಗ್ಸಾಲಿ ಪ್ರಾಂತ್ಯದ ಬೆಟ್ಟಗಳಲ್ಲಿ ಓಮಾ ಎಂಬ ಜನ ಇದ್ದಾರೆ. ಲಾವೋಸಿನಲ್ಲಿ ಅವರ ಸಂಖ್ಯೆ ಹೆಚ್ಚೆಂದರೆ 2,000. ನಮ್ಮ ಕಡೆ ಒಂದು ಮಧ್ಯಮ ಊರಿನಷ್ಟು. ಹತ್ತಿಯನ್ನು ತಾವೇ ನೂತು, ನೇಯ್ದು, ನೀಲಿಯಲ್ಲಿ ಅದ್ದಿ, ಅದರ ಮೇಲೆ ಬಣ್ಣದ ಬಟ್ಟೆ ಚೂರುಗಳನ್ನು ಜೋಡಿಸಿ ಹೊಲಿದು, ಸುತ್ತ ಸಣ್ಣ ಕಸೂತಿ ಹಾಕುತ್ತಾರೆ. ಹೊಲದ ಕೆಲಸ, ಮನೆ ಕೆಲಸ ಮುಗಿದ ಮೇಲೆ ಹೆಂಗಸರು ಮಾಡುವ ಕೆಲಸ ಇದು. ಒಂದು ಅಂಗಿ ಮುಗಿಯುವುದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು.

2019ರಲ್ಲಿ ಇಟಲಿಯ ಮ್ಯಾಕ್ಸ್ ಮಾರಾ ಎಂಬ ದೊಡ್ಡ ಬಟ್ಟೆ ಕಂಪನಿಯ ಲಂಗ, ಕುಪ್ಪಸಗಳು ಯುರೋಪಿನ ಅಂಗಡಿಗಳಿಗೆ ಬಂದವು. ಅದರ ಮೇಲೆ ಇದ್ದದ್ದು ಓಮಾ ಕಸೂತಿಯ ಚಿತ್ತಾರವೇ ಎಂದು ಲಾವೋಸಿನ ಒಂದು ಸಣ್ಣ ಮ್ಯೂಸಿಯಂ ಗುರುತಿಸಿತು. ಬಣ್ಣ, ಆಕಾರ, ಯಾವ ಪಟ್ಟಿಯ ಪಕ್ಕ ಯಾವ ಪಟ್ಟಿ ಎಂಬ ಜೋಡಣೆ, ಎಲ್ಲ ಒಂದೇ ಎಂದು ಫೋಟೋ ಪಕ್ಕ ಫೋಟೋ ಇಟ್ಟು ತೋರಿಸಿತು. ವ್ಯತ್ಯಾಸ ಇಷ್ಟೇ: ಓಮಾ ಹೆಂಗಸರು ಸೂಜಿಯಲ್ಲಿ ಹೊಲಿದದ್ದನ್ನು ಅಲ್ಲಿ ಬಟ್ಟೆಯ ಮೇಲೆ ಪ್ರಿಂಟ್ ಮಾಡಲಾಗಿತ್ತು. ಓಮಾ ಎಂಬ ಹೆಸರು ಎಲ್ಲೂ ಇರಲಿಲ್ಲ.

ಮ್ಯೂಸಿಯಂ ಮೂರು ಮಾತು ಕೇಳಿತು. ಆ ಬಟ್ಟೆ ವಾಪಸ್ ತೆಗೆಯಿರಿ, ಮುಂದೆ ಹೀಗೆ ಮಾಡುವುದಿಲ್ಲ ಎಂದು ಹೇಳಿ, ಬಂದ ಹಣವನ್ನು ಇಂಥ ಸಮುದಾಯಗಳ ಹಕ್ಕಿಗಾಗಿ ಕೆಲಸ ಮಾಡುವ ಸಂಸ್ಥೆಗೆ ಕೊಡಿ. ಕಂಪನಿ ಒಪ್ಪಲಿಲ್ಲ. ಆದರೆ ಸುದ್ದಿ ಪ್ರಪಂಚವೆಲ್ಲ ಸುತ್ತಿತು. ಬೆಟ್ಟದ ಮೇಲಿನ ಎರಡು ಸಾವಿರ ಜನರ ಹೆಸರು ಮೊದಲ ಸಲ ದೂರದ ಪತ್ರಿಕೆಗಳಲ್ಲಿ ಬಂತು.

ಈ ಮ್ಯೂಸಿಯಂ ಇರುವುದು ಲುವಾಂಗ್ ಪ್ರಬಾಂಗ್ ಪಟ್ಟಣದಲ್ಲಿ. ಹೆಸರು ಟ್ರೆಡಿಷನಲ್ ಆರ್ಟ್ಸ್ ಅಂಡ್ ಎಥ್ನಾಲಜಿ ಸೆಂಟರ್. 2006ರಲ್ಲಿ ಇಬ್ಬರು ಹೆಂಗಸರು ಸೇರಿ ಶುರು ಮಾಡಿದ್ದು. ಫ್ರೆಂಚರ ಕಾಲದಲ್ಲಿ ಜಡ್ಜ್ ಒಬ್ಬರು ಇದ್ದ ಹಳೇ ಬಂಗಲೆಯೇ ಅದರ ಕಟ್ಟಡ. ಒಳಗೆ ರಾಜರ ಕತ್ತಿ, ಕಿರೀಟ ಇಲ್ಲ. ಆಖಾ ಹೆಂಗಸರು ತಲೆಗೆ ಹಾಕುವ ಬೆಳ್ಳಿ ನಾಣ್ಯದ ಟೋಪಿ ಇದೆ. ಹ್ಮಾಂಗ್ ಜನ ಸೆಣಬಿನ ಬಟ್ಟೆಯ ಮೇಲೆ ಮೇಣದಲ್ಲಿ ಗೆರೆ ಎಳೆದು ನೀಲಿ ಅದ್ದಿದ ಲಂಗ ಇದೆ. ಖ್ಮೂ ಜನ ಕಾಡಿನ ಬಳ್ಳಿಯ ನಾರು ಹೊಸೆದು ಹೆಣೆದ ಚೀಲ ಇದೆ. ಕಾತು ಹೆಂಗಸರ ಮಗ್ಗವಂತೂ ನೋಡುವಂಥದ್ದು. ನೆಲದ ಮೇಲೆ ಕೂತು, ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಅಂಗಾಲಿನಿಂದ ಒದ್ದು ಹಿಡಿದು ನೇಯುತ್ತಾರೆ. ನೇಯುತ್ತಲೇ ಮಣಿ ಪೋಣಿಸುತ್ತಾರೆ.

ಮ್ಯೂಸಿಯಮ್ಮಿಗೆ ಅಂಟಿಕೊಂಡೇ ಒಂದು ಅಂಗಡಿ ಇದೆ. ನಮಗೆ ಮುಖ್ಯ ಅನ್ನಿಸಿದ್ದು ಅದೇ. ಹಳ್ಳಿಗಳಿಂದ ನೇರ ತಂದ ಸಾಮಾನು ಅಲ್ಲಿ ಮಾರುತ್ತಾರೆ, ಹಣದ ಅರ್ಧದಷ್ಟು ಮಾಡಿದವರ ಕೈಗೆ ಹೋಗುತ್ತದೆ. ಹಾಗಾಗಿ ಮ್ಯೂಸಿಯಮ್ಮಿನವರು ವರ್ಷವಿಡೀ ಆ ಹಳ್ಳಿಗಳಿಗೆ ಹೋಗಿ ಬರುತ್ತಲೇ ಇರಬೇಕು. ಯಾವ ಮನೆಯಲ್ಲಿ ಯಾರು ಏನು ಮಾಡುತ್ತಾರೆ, ಈ ಗೆರೆಗೆ ಏನಂತಾರೆ ಎಂಬುದೆಲ್ಲ ಅವರಿಗೆ ಗೊತ್ತಿರುತ್ತದೆ. ಇಟಲಿಯ ಲಂಗ ನೋಡಿದ ಕೂಡಲೇ ಇದು ಓಮಾ ಚಿತ್ತಾರ ಎಂದು ಗೊತ್ತಾದದ್ದು ಸುಮ್ಮನೆ ಅಲ್ಲ. ಆಮೇಲೆ ಓಮಾ ಜನರನ್ನೇ ಕೂರಿಸಿಕೊಂಡು, ಅವರ ಚಿತ್ತಾರಗಳ ಒಂದು ದಾಖಲೆಯನ್ನೇ ಮಾಡಿದರು. ಇನ್ನೊಂದು ಸಲ ಯಾರಾದರೂ ಕದ್ದರೆ ತೋರಿಸಲು ಆ ದಾಖಲೆ ಇದೆ.

ಈಗ ನಮ್ಮ ಕಡೆಗೆ ಬರೋಣ. 2025ರ ಜೂನ್ ತಿಂಗಳಲ್ಲಿ ಇನ್ನೊಂದು ಇಟಲಿ ಕಂಪನಿ, ಪ್ರಾಡಾ, ಮಿಲಾನ್ ಊರಿನ ಫ್ಯಾಷನ್ ಶೋದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿ ತೋರಿಸಿದ್ದು ನಿಮ್ಮ ವಾಟ್ಸಾಪಿಗೂ ಬಂದಿರಬೇಕು. ಕೊಲ್ಹಾಪುರಿ ಅಂದರೆ ಮಹಾರಾಷ್ಟ್ರದ್ದು ಮಾತ್ರ ಅಂತ ಎಲ್ಲರೂ ಮಾತಾಡಿದರು. ಆದರೆ 2019ರಲ್ಲಿ ಸಿಕ್ಕ ಜಿಐ ಗುರುತಿನಲ್ಲಿ ಅವರ ನಾಲ್ಕು ಜಿಲ್ಲೆಗಳ ಜತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇವೆ. ಅಥಣಿ, ನಿಪ್ಪಾಣಿ ಕಡೆ ಚರ್ಮ ಹದ ಮಾಡಿ, ಕುಟ್ಟಿ, ಹೆಣೆದು ಬದುಕುತ್ತಿರುವ ಮನೆಗಳು ಎಷ್ಟೋ ಇವೆ. ಟಿವಿ ಚರ್ಚೆಯಲ್ಲಿ ಆ ಮನೆಯವರು ಕೂತಿದ್ದನ್ನು ನಾವಂತೂ ನೋಡಲಿಲ್ಲ.

ಗಲಾಟೆ ಜೋರಾದ ಮೇಲೆ ಪ್ರಾಡಾ ಒಪ್ಪಿಕೊಂಡಿತು. ವರ್ಷದ ಕೊನೆಗೆ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮ ಮತ್ತು ನಮ್ಮ ಲಿಡ್ಕರ್ ಜತೆ ಒಪ್ಪಂದವನ್ನೂ ಮಾಡಿಕೊಂಡಿತು. ಒಳ್ಳೆಯದೇ. ಆದರೆ ಇದರಲ್ಲಿ ಕಾನೂನಿನ ಪಾಲೆಷ್ಟು, ಗಲಾಟೆಯ ಪಾಲೆಷ್ಟು ಎಂದು ಕೇಳಿಕೊಳ್ಳಬೇಕು. ಜಿಐ ಕಾಯುವುದು ಹೆಸರನ್ನು. ‘ಕೊಲ್ಹಾಪುರಿ’ ಎಂದು ಬರೆದು ಬೇರೆ ಊರಿನ ಮಾಲು ಮಾರಿದರೆ ಹಿಡಿಯಬಹುದು. ಹೆಸರೇ ಹೇಳದೆ ಆಕಾರ ಮಾತ್ರ ಎತ್ತಿಕೊಂಡು ಹೋದವರನ್ನು ಹಿಡಿಯುವುದು ಕಷ್ಟ. ಓಮಾ ಜನರಿಗೆ ಆಗಿದ್ದೂ ಅದೇ. ಕಾಪಿರೈಟ್ ಕಾಯ್ದೆಗೆ ಒಬ್ಬ ಕರ್ತೃ ಬೇಕು, ಒಂದು ಅವಧಿ ಬೇಕು. ಅಜ್ಜಿಯ ಅಜ್ಜಿಯಿಂದ ಬಂದ ಹೊಲಿಗೆಗೆ ಯಾರ ಹೆಸರು ಬರೆಯುವುದು?

ಕಾನೂನು ಬರುವವರೆಗೆ ಉಳಿಯುವುದು ಸಾಕ್ಷಿ ಒಂದೇ. ಅದನ್ನು ಇಟ್ಟುಕೊಳ್ಳುವ ಜಾಗ ನಮ್ಮಲ್ಲಿ ಎಲ್ಲಿದೆ?

ಸಂಡೂರಿನ ಲಂಬಾಣಿ ಕಸೂತಿಯನ್ನೇ ನೋಡಿ. ಅದಕ್ಕೂ ಜಿಐ ಇದೆ. 1988ರಲ್ಲಿ ಶುರುವಾದ ಸಂಡೂರು ಕುಶಲ ಕಲಾ ಕೇಂದ್ರ ತಾಂಡಾದ ಹೆಂಗಸರಿಗೆ ಕೆಲಸ ಕೊಡುತ್ತಾ ಬಂದಿದೆ, ಯುನೆಸ್ಕೋದ ಮನ್ನಣೆಯನ್ನೂ ತಂದಿದೆ. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಗೆ 450ಕ್ಕೂ ಹೆಚ್ಚು ಲಂಬಾಣಿ ಹೆಂಗಸರು ಹೊಲಿದ 1,755 ಕಸೂತಿಗಳನ್ನು ಜೋಡಿಸಿ ಗಿನ್ನೆಸ್ ದಾಖಲೆ ಮಾಡಿದರು. ಖುಷಿ ಪಡಬೇಕಾದ ಸುದ್ದಿ. ಆದರೆ ಆ ಕನ್ನಡಿ ಚೂರು, ಕವಡೆ, ನಾಣ್ಯದ ನಡುವೆ ಇರುವ ಒಂದೊಂದು ಹೊಲಿಗೆಗೂ ಗೋರ್ ಬೋಲಿಯಲ್ಲಿ ಹೆಸರಿದೆ. ಆ ಹೆಸರು ಬಲ್ಲವರು ಈಗ ವಯಸ್ಸಾದವರು. ಮಗಳು ಚೂಡಿದಾರ ಹಾಕುತ್ತಾಳೆ, ಫೇಟಿಯಾ ಬರುವುದು ಮದುವೆಗೆ ಇಲ್ಲವೇ ವೇದಿಕೆ ಕುಣಿತಕ್ಕೆ. ಅದರಲ್ಲಿ ತಪ್ಪೇನೂ ಇಲ್ಲ. ಕಸೂತಿ ಉಳಿಯಲಿ ಅಂತ ಯಾರೂ ನಾಲ್ಕು ಕೆಜಿ ಬಟ್ಟೆ ಹೊತ್ತು ಬಿಸಿಲಲ್ಲಿ ಕಬ್ಬು ಕಡಿಯಬೇಕಿಲ್ಲ.

ನಮ್ಮ ಜಿಲ್ಲೆಗಳ ಮ್ಯೂಸಿಯಂಗಳಿಗೆ ಹೋದರೆ ಹೆಚ್ಚಾಗಿ ಕಾಣುವುದು ಶಾಸನ, ವೀರಗಲ್ಲು, ಮುರಿದ ಮೂರ್ತಿ. ನಾಗೇಗೌಡರು ಕಟ್ಟಿದ ರಾಮನಗರದ ಜಾನಪದ ಲೋಕದಂಥ ಜಾಗಗಳು ದುಡಿಯುವ ಜನರ ಸಾಮಾನನ್ನು ಮರ್ಯಾದೆಯಿಂದ ಇಟ್ಟಿವೆ, ಅದು ದೊಡ್ಡ ಮಾತು. ಆದರೆ ಅಂಥವು ಎಷ್ಟಿವೆ? ಅಥಣಿಯಲ್ಲಿ ಒಂದು ಚಪ್ಪಲಿ ಮ್ಯೂಸಿಯಂ ಯಾಕಿರಬಾರದು? ಮುಂದೆ ಅಂಗಡಿ, ಹಿಂದೆ ಕೆಲಸದ ಕೋಣೆ, ಮೇಲಿನ ಕೋಣೆಯಲ್ಲಿ ಯಾವ ಮನೆತನ ಯಾವ ಹೆಣಿಗೆ ಹಾಕುತ್ತಿತ್ತು ಎಂಬ ದಾಖಲೆ. ಸಮುದಾಯ ಭವನ ಕಟ್ಟಲು ದುಡ್ಡು ಸಿಗುತ್ತದೆ, ಇದಕ್ಕೂ ಸಿಗಬೇಕು.

ಪ್ರವಾಸಿಗರನ್ನು ನೆಚ್ಚಿಕೊಂಡರೆ ಕೆಲಸಗಾರರ ಹೊಟ್ಟೆ ತುಂಬುತ್ತಾ ಎಂದು ನಮ್ಮ ಗುಂಪಿನಲ್ಲೇ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಕೊರೊನಾ ಬಂದಾಗ ಲಾವೋಸ್ ಗಡಿ ಮುಚ್ಚಿತು, ಹೊರಗಿನ ಪ್ರವಾಸಿಗರಿಗೆ ಪೂರ್ತಿ ತೆರೆದದ್ದು 2022ರ ಮೇ ತಿಂಗಳಲ್ಲಿ. ಎರಡು ವರ್ಷ ನೋಡಲು ಬರುವವರೇ ಇಲ್ಲದಿದ್ದರೆ ಅಂಗಡಿ ಏನು ಮಾರೀತು? ಆದ್ದರಿಂದ ಮ್ಯೂಸಿಯಂ ಒಂದೇ ಸಂಸಾರ ನಡೆಸುತ್ತದೆ ಎಂದು ನಾವು ಹೇಳುವುದಿಲ್ಲ. ಚರ್ಮದ ಬೆಲೆ, ದಲ್ಲಾಳಿ, ಸಾಲ, ಇವೆಲ್ಲ ಬೇರೆ ಜಗಳ. ಆದರೆ ಹೊರಗಿನವರು ಬಂದು ‘ಇದು ನಮ್ಮ ಡಿಸೈನ್’ ಎಂದಾಗ ‘ಅಲ್ಲ’ ಎನ್ನಲು ಒಂದು ಹಾಳೆಯಾದರೂ ಕೈಯಲ್ಲಿರಬೇಕು.

ಆ ಹಾಳೆ ಬರೆಯಲು ಕಟ್ಟಡ ಬರುವ ತನಕ ಕಾಯಬೇಕಿಲ್ಲ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ರಿಜಿಸ್ಟರ್ ಸಾಕು. ನಿಮ್ಮ ಊರಿನ ಹೊಲಿಗೆ, ಹೆಣಿಗೆ, ಬುಟ್ಟಿ, ಕಂಬಳಿ, ಯಾವುದೇ ಇರಲಿ: ಮಾಡಿದವರ ಹೆಸರು, ಕಲಿಸಿದವರ ಹೆಸರು, ಆ ಚಿತ್ತಾರಕ್ಕೆ ಅವರ ಮಾತಿನಲ್ಲಿ ಏನನ್ನುತ್ತಾರೆ, ತಾರೀಕು, ಒಂದು ಫೋಟೋ. ಫೋಟೋವನ್ನು ಮಾತ್ರ ಕೂಡಲೇ ಸ್ಟೇಟಸ್ಸಿಗೆ ಹಾಕಬೇಡಿ. ನೆಟ್ಟಿಗೆ ಬಿದ್ದದ್ದು ಕಾಪಿ ಮಾಡುವವರಿಗೂ ಸಿಗುತ್ತದೆ. ಹಾಕಬಹುದಾ ಬೇಡವಾ ಎಂದು ಮೊದಲು ಆ ಅಜ್ಜಿಯನ್ನು ಕೇಳಿ.